ಚದುರಂಗದ ಆರಂಭಗಳಲ್ಲಿ ಅಪೂರ್ವತೆಯ ವಿಚಾರ

೧

ಕಾವ್ಯವಿಮರ್ಶೆಗೂ ಗ್ರಂಥಪರಿಚಯಕ್ಕೂ ಮೀಸಲಾದ ಈ ಪುಟಗಳಲ್ಲಿ ಚದುರಂಗಕ್ಕೇನು ಕೆಲಸವೆಂದು ಕೆಲವು ವಾಚಕ ಮಹಾಶಯರು ಕೇಳಬಹುದು. ಅವರಿಗೆ ಮೊದಲೇ ಸಮಾಧಾನ ಹೇಳುವುದು ಯುಕ್ತವಾಗಿದೆ. ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಚಿತ್ರಕಾವ್ಯದ ಭೇದಗಳನ್ನು ನಿರೂಪಿಸುವಾಗ, ಚದುರಂಗದ ಕುದುರೆಯ ನಡೆಯನ್ನನುಸರಿಸಿ ಅಕ್ಷರಗಳನ್ನು ಓದಿಕೊಳ್ಳುವ ಬಂಧವೊಂದನ್ನು ಸೇರಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳನ್ನು ಎಣಿಸುವಲ್ಲಿ ಚದುರಂಗಕ್ಕೆ ಹಲವು ಶ್ಲೋಕಗಳು ಮೀಸಲಾಗಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು (೧೭೯೪–೧೮೬೮) ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರವೇ ಮುಟ್ಟಿ ಬರುವ ಬಂಧಗಳನ್ನು ಸ್ವತಃ ರಚಿಸಿದರೆಂಬುದು ಈ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಹೀಗೆ ಅಲಂಕಾರಶಾಸ್ತ್ರದ ನೆರೆಮನೆಯಲ್ಲಿಯೇ ಬಹುಕಾಲ ವಾಸವಾಗಿದ್ದ ಆಟವನ್ನು ಆ ಶಾಸ್ತ್ರದ ಕಣ್ಣಿನಿಂದ ಒಮ್ಮೆ ನೋಡಿದರೆ ತಪ್ಪಾಗಲಾರದು. ಅಲ್ಲದೆ, ಹೆಸರಾಂತ ಆಟಗಳೆಲ್ಲವೂ ನಡೆ ನಡೆಯಾಗಿ ಬರೆದಿಟ್ಟು ಉಳಿದುಬಂದಿರುವುದರಿಂದ ಅವನ್ನು ಗ್ರಂಥದಂತೆಯೇ ಓದಬಹುದು; ಓದಬಹುದಾದುದನ್ನು ವಿಮರ್ಶಿಸಲೂ ಬಹುದು.

ವಿಚಾರಕ್ಕೆ ತೆಗೆದುಕೊಂಡ ವಿಷಯವಿದು. ಆಟದ ಮೊದಲ ಹತ್ತು ಹದಿನೈದು ನಡೆಗಳಿಗೆ ಆರಂಭವೆಂದು ಹೆಸರು. ಮೊದಲ ನಡೆಯಲ್ಲಿ ಬಿಳಿಯ ಪಕ್ಷಕ್ಕೆ ೨೦ ದಾರಿಗಳುಂಟು: ಎಂಟು ಕಾಲಾಳುಗಳಲ್ಲಿ ಯಾವುದಾದರೂ ಒಂದು ಮನೆಯನ್ನಾಗಲಿ ಎರಡು ಮನೆಗಳನ್ನಾಗಲಿ ಮುಂದುವರಿಯಬಹುದು, ಎರಡು ಕುದುರೆಗಳಿಗೆ ಎರಡೆರಡು ಮನೆಗಳು. ಕರಿಯ ಪಕ್ಷಕ್ಕೂ ಅಷ್ಟೇ. ಆದಕಾರಣ ಇಬ್ಬರೂ ಒಂದೊಂದು ನಡೆಯನ್ನು ಮುಗಿಸುವಷ್ಟರಲ್ಲಿಯೇ ೪೦೦ ಸ್ಥಿತಿಗಳಾಗುತ್ತವೆ. ಎರಡೆರಡು ನಡೆಗಳ ಕ್ರಮಗಳನ್ನೆಣಿಸಿದರೆ ೧,೯೭,೨೮೧ ಆಗುತ್ತವೆ. ಈ ಅರಣ್ಯದಲ್ಲಿ ದಾರಿ ತೋರುವುದಕ್ಕೆ ಗ್ರಂಥಗಳು ಹುಟ್ಟಿಕೊಂಡುವು. ಸ್ಪೇನ್ ದೇಶದ ಪಾದ್ರಿಯಾದ ರುಯ್ ಲೋಪೆಸನು ೧೫೬೧ರಲ್ಲಿ ಪ್ರಕಟಿಸಿದ ಪುಸ್ತಕವು ಅಂಥವುಗಳಲ್ಲಿ ಪ್ರಸಿದ್ಧವಾದುದು. ಅವನ ಹೆಸರನ್ನು ಹೊತ್ತ ಆರಂಭವು ನಾಲ್ಕೂವರೆ ಶತಮಾನಗಳಾದ ಮೇಲೂ ಜಗಜ್ಜೆಟ್ಟಿಗಳ ಕೈಯಲ್ಲಿದೆ. ೧೯೭೪ರಿಂದ ಬೆಲ್‌ಗ್ರೇಡ್ ನಗರದಲ್ಲಿ ಪ್ರಕಟವಾಗತೊಡಗಿದ ಐದು ಸಂಪುಟಗಳ ಮಹಾಕೋಶವು ಆರಂಭಗಳನ್ನು ೫೦೦ ವರ್ಗಗಳಾಗಿ ವಿಂಗಡಿಸಿತು. ಈಚೆಗೆ ಯಂತ್ರಗಳು ಬಂದು, ಪ್ರತಿಯೊಂದು ನಡೆಯ ಬೆಲೆಯನ್ನೂ ಕ್ಷಣಮಾತ್ರದಲ್ಲಿ ತೂಗಿ ಹೇಳುತ್ತಿವೆ.

ಇಷ್ಟು ಗ್ರಂಥರಾಶಿಯೂ ಯಂತ್ರಬಲವೂ ಕೈಯಲ್ಲಿರಲಾಗಿ ಕಲಿಯುವವರಲ್ಲಿ ಒಂದು ಮತವು ಬಲವಾಗಿ ಬೇರೂರಿದೆ. ಎದುರಾಳಿಯು ತನಗೆ ಪರಿಚಿತವಾದ ವ್ಯೂಹವನ್ನು ಕಣ್ಣುಮುಚ್ಚಿ ಆಡುವವನು. ಅವನು ಎಂದೂ ಕಾಣದ ನಡೆಯೊಂದನ್ನು ಬಾಯಿಪಾಠ ಮಾಡಿಟ್ಟುಕೊಂಡು ಸಮಯ ನೋಡಿ ಪ್ರಯೋಗಿಸಿದರೆ ಆತನು ತಬ್ಬಿಬ್ಬಾಗುವನು, ಗೆಲುವು ನಮ್ಮದಾಗುವುದು ಎಂಬುದೇ ಆ ಮತ. ಇದನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು, ಇದರಲ್ಲಿ ಗ್ರಾಹ್ಯವೆಷ್ಟು, ತ್ಯಾಜ್ಯವೆಷ್ಟು ಎಂಬುದನ್ನು ಪರಿಶೀಲಿಸುವೆನು.

೨

ಅಪೂರ್ವತೆಯ ಪ್ರಶ್ನೆಯು ನಮ್ಮ ಆಲಂಕಾರಿಕರಿಗೆ ಹಳೆಯದು. ಹಿಂದಿನ ಕವಿಗಳು ಹೇಳದೆ ಬಿಟ್ಟ ಅರ್ಥವು ಯಾವುದುಂಟು? ಎಲ್ಲವೂ ಹೇಳಿಯಾಗಿದ್ದ ಪಕ್ಷದಲ್ಲಿ ಹೊಸ ಕವಿಗೆ ಉಳಿದುದೇನು? ಸುಮಾರು ಕ್ರಿ. ಶ. ೯೦೦ರ ಕಾಲದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿ, ಒಬ್ಬನ ಅರ್ಥವನ್ನು ಮತ್ತೊಬ್ಬನು ತೆಗೆದುಕೊಳ್ಳುವ ರೀತಿಗಳನ್ನು ನಾಲ್ಕಾಗಿ ವಿಂಗಡಿಸಿದ್ದಾನೆ. ಮೊದಲನೆಯದು ಪ್ರತಿಬಿಂಬಕಲ್ಪ: ಕನ್ನಡಿಯಲ್ಲಿ ಕಂಡ ಮುಖದಂತೆ ಎಲ್ಲವೂ ಅದೇ, ಮಾತು ಮಾತ್ರ ಬೇರೆ. ಎರಡನೆಯದು ಆಲೇಖ್ಯಪ್ರಖ್ಯ: ಚಿತ್ರಪಟದಂತೆ ಕೊಂಚ ಸಂಸ್ಕಾರ ಹೊಂದಿ ಬೇರೆಯೆಂಬಂತೆ ತೋರುವುದು. ಮೂರನೆಯದು ತುಲ್ಯದೇಹಿತುಲ್ಯ: ವಸ್ತು ಬೇರೆಯಾದರೂ ಅತ್ಯಂತ ಸಾದೃಶ್ಯದಿಂದ ಒಂದೇ ಎನಿಸುವುದು. ನಾಲ್ಕನೆಯದು ಪರಪುರಪ್ರವೇಶ: ಮೂಲವು ಒಂದೇ ಆಗಿದ್ದು ಪರಿಕರವೆಲ್ಲವೂ ದೂರದೂರ ಬೇರೆಯಾಗಿರುವುದು, ಯೋಗಿಯು ಪರದೇಹವನ್ನು ಹೊಕ್ಕಂತೆ. ಈ ನಾಲ್ಕಕ್ಕೂ ಹೊರಗೆ, ಯಾರಿಂದಲೂ ತೆಗೆದುಕೊಳ್ಳದೆ ತನ್ನಲ್ಲಿಯೇ ಹುಟ್ಟಿದ ಅರ್ಥಕ್ಕೆ ಅಯೋನಿ ಎಂದು ಹೆಸರಿಟ್ಟಿದ್ದಾನೆ.

ಚದುರಂಗದ ಆರಂಭಗಳಿಗೆ ಈ ವಿಭಾಗವು ಹೊಂದಿಕೊಳ್ಳುವ ರೀತಿಯನ್ನು ನೋಡಿದರೆ ಸಂತೋಷವಾಗುತ್ತದೆ. ಪುಸ್ತಕದ ನಡೆಗಳನ್ನು ಹಾಗೆಯೇ ಒಪ್ಪಿಸುವವನದು ಪ್ರತಿಬಿಂಬಕಲ್ಪ. ನಡೆಗಳ ಕ್ರಮವನ್ನು ಪಲ್ಲಟಗೊಳಿಸಿ, ಎದುರಾಳಿಗೆ ಬೇರೆ ದಾರಿಯೆಂಬ ಭ್ರಮೆ ಹುಟ್ಟಿಸಿ, ಕಡೆಗೆ ತಿಳಿದ ಸ್ಥಿತಿಗೇ ತಂದು ನಿಲ್ಲಿಸುವುದು ಆಲೇಖ್ಯಪ್ರಖ್ಯ. ಕರಿಯ ಕಾಯಿಗಳಿಂದ ಆಡುವ ಕಿಂಗ್ಸ್ ಇಂಡಿಯನ್ ವ್ಯೂಹವನ್ನೇ ಬಿಳಿಯ ಕಾಯಿಗಳಿಂದ ರಚಿಸಿಕೊಳ್ಳುವುದು ತುಲ್ಯದೇಹಿತುಲ್ಯ. ಪರಪುರಪ್ರವೇಶಕ್ಕೂ ಅಯೋನಿಗೂ ಉದಾಹರಣೆಗಳನ್ನು ಮುಂದೆ ಹೇಳುವೆನು. ಇವೆಲ್ಲದರಲ್ಲಿಯೂ ಎದುರಾಳಿಗೆ ಅಚ್ಚರಿಯುಂಟಾಗಬಹುದು. ಅಚ್ಚರಿ ತೀರಿದ ಮೇಲೆ ಉಳಿಯುವುದೇನು ಎಂಬಲ್ಲಿ ಮಾತ್ರ ಒಂದಕ್ಕೊಂದು ಭೇದವುಂಟು. ವಿಮರ್ಶಕನು ತೂಗಬೇಕಾದದ್ದು ಆ ಶೇಷವನ್ನು.

೩

ಮೊದಲು ಪೂರ್ವಪಕ್ಷಕ್ಕೆ ಅತ್ಯಂತ ಅನುಕೂಲವೆಂದು ತೋರುವ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ೧೯೧೮ನೆಯ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ಕ್ಯೂಬಾದೇಶದ ಕಾಪಾಬ್ಲಾಂಕನಿಗೂ ಅಮೆರಿಕದ ಫ್ರಾಂಕ್ ಮಾರ್ಷಲನಿಗೂ ಆಟ ನಡೆಯಿತು. ಆರಂಭವು ರುಯ್ ಲೋಪೆಸನದು. ಎಂಟನೆಯ ನಡೆಯಲ್ಲಿ ಮಾರ್ಷಲನು ಮಂತ್ರಿಯ ಮುಂದಣ ಕಾಲಾಳನ್ನು ಎರಡು ಮನೆ ನೂಕಿ, ರಾಜನ ಕಾಲಾಳನ್ನು ಬಲಿಯಾಗಿ ಒಡ್ಡಿದನು. ಬಲಿಯನ್ನು ಕೊಂಡವನ ರಾಜನ ಮೇಲೆ ಕರಿಯ ಕಾಯಿಗಳೆಲ್ಲವೂ ಏಕಕಾಲದಲ್ಲಿ ಎರಗುವವು. ಮಾರ್ಷಲನು ಈ ಅಸ್ತ್ರವನ್ನು ಕಾಪಾಬ್ಲಾಂಕನಿಗಾಗಿಯೇ ಹಲವು ವರ್ಷ ಬಚ್ಚಿಟ್ಟುಕೊಂಡಿದ್ದನೆಂದು ಐತಿಹ್ಯವುಂಟು. ಅವನೇ ಅದಕ್ಕೆ ಹಿಂದೆ ಇದನ್ನು ಆಡಿದ್ದುಂಟೆಂದು ಹೇಳಿ ಐತಿಹ್ಯವನ್ನು ಒಪ್ಪದವರೂ ಉಂಟು. ಅದು ಹೇಗೇ ಇರಲಿ, ಎದುರಿಗಿದ್ದವನಿಗೆ ಅದು ಕಾಣದ ನಡೆಯಾಗಿದ್ದಿತು. ಕಾಪಾಬ್ಲಾಂಕನು ತನ್ನ ವಿವೇಚನೆಯನ್ನೇ ನಂಬಿ ಬಲಿಯನ್ನು ಸ್ವೀಕರಿಸಿದನು. ಒಂದೊಂದು ಪೆಟ್ಟನ್ನೂ ತಡೆದುಕೊಂಡು ೩೬ ನಡೆಗಳಲ್ಲಿ ಗೆದ್ದನು.

ಇಲ್ಲಿ ಅಚ್ಚರಿಯು ಸಂಪೂರ್ಣವಾಗಿದ್ದಿತು, ಆದರೂ ಸೋತಿತು. ಇದರಿಂದ ಆ ನಡೆಯು ಹುಸಿಯೆಂದು ತೀರ್ಮಾನಿಸಬಹುದೆ? ಅದೂ ಸಲ್ಲದು. ಮಾರ್ಷಲನ ಗ್ಯಾಂಬಿಟ್ ಎಂಬ ಹೆಸರಿನಿಂದ ಆ ಆರಂಭವು ಶತಮಾನ ಕಳೆದರೂ ಬದುಕಿದೆ. ಬಿಳಿಯ ಕಾಯಿಗಳಿಂದ ಆಡುವ ಘನವಾದ ಆಟಗಾರರೇ ಅದಕ್ಕೆ ಎಡೆಗೊಡದಂತೆ ಎಂಟನೆಯ ನಡೆಯಲ್ಲಿ ಬೇರೆ ಹಾದಿ ಹಿಡಿಯುವುದು ಸಾಮಾನ್ಯವಾಗಿದೆ. ಎಲ್ಲರಿಗೂ ತಿಳಿದ ಮೇಲೆ ಅದರ ಭಯವು ಹೆಚ್ಚಿತೇ ಹೊರತು ತಗ್ಗಲಿಲ್ಲ. ಅಚ್ಚರಿಯಾಗಿದ್ದ ದಿನ ಅದು ಸೋತಿತು. ಪರಿಚಿತವಾದ ಮೇಲೆ ಗೌರವ ಪಡೆಯಿತು. ನಡೆಯ ಅಪೂರ್ವತೆ ಬೇರೆ, ನಡೆಯ ಸತ್ತ್ವ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಎರಡನೆಯ ದೃಷ್ಟಾಂತವು ಇದಕ್ಕೆ ತೀರ ವಿಪರೀತವಾದದ್ದು. ೧೯೭೨ರ ಬೇಸಗೆಯಲ್ಲಿ ಐಸ್‌ಲ್ಯಾಂಡಿನ ರೇಕ್ಯವಿಕ್ ನಗರದಲ್ಲಿ ರಷ್ಯದ ಬೋರಿಸ್ ಸ್ಪಾಸ್ಕಿಗೂ ಅಮೆರಿಕದ ಬಾಬಿ ಫಿಶರನಿಗೂ ಜಗಚ್ಚಾಂಪಿಯನ್ ಪದವಿಗಾಗಿ ಪಂದ್ಯ ನಡೆಯಿತು. ಐದು ಆಟಗಳಾಗುವಷ್ಟರಲ್ಲಿ ಇಬ್ಬರಿಗೂ ಎರಡೂವರೆ ಅಂಕಗಳಾಗಿ ಸಮವಾಗಿದ್ದರು. ಫಿಶರನು ಬಾಲ್ಯದಿಂದಲೂ ರಾಜನ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿಯೇ ಆಟವನ್ನು ತೊಡಗುವವನೆಂದು ಪ್ರಸಿದ್ಧಿ. ಬೇರೆಯದನ್ನು ಆಡಿದ್ದು ಅಪರೂಪ. ಆರನೆಯ ಆಟದಲ್ಲಿ ಮಾತ್ರ ಮಂತ್ರಿಯ ಪಕ್ಕದ ಒಂಟೆಯ ಮುಂದಣ ಕಾಲಾಳನ್ನು ಮುಂದಿಟ್ಟನು. ಕೆಲವು ನಡೆಗಳಲ್ಲಿಯೇ ಆಟವು ಕ್ವೀನ್ಸ್ ಗ್ಯಾಂಬಿಟ್ ಎಂಬ ಅತಿ ಹಳೆಯ ಆರಂಭಕ್ಕೆ, ಅದರಲ್ಲಿಯೂ ಟಾರ್ಟಾಕೋವರನ ಹೆಸರಿನ ರಕ್ಷಣಾಕ್ರಮಕ್ಕೆ ತಿರುಗಿತು. ಅದು ಸ್ಪಾಸ್ಕಿಯು ಬಹುಕಾಲದಿಂದ ನೆಚ್ಚಿಕೊಂಡಿದ್ದ ಮನೆ. ಅಲ್ಲಿ ಅವನಿಗೆ ಕಾಣದ ಮೂಲೆಯಿರಲಿಲ್ಲ. ಆ ಮನೆಯಲ್ಲಿಯೇ ಫಿಶರನು ಅವನನ್ನು ೪೧ ನಡೆಗಳಲ್ಲಿ ಸೋಲಿಸಿದನು. ಆಟ ಮುಗಿದಾಗ ಪ್ರೇಕ್ಷಕರ ಕರತಾಡನದಲ್ಲಿ ಸೋತ ಸ್ಪಾಸ್ಕಿಯೂ ಸೇರಿಕೊಂಡನು.

ಈ ಆಟದ ಆರಂಭದಲ್ಲಿ ಕಾಣದ ನಡೆಯೊಂದೂ ಇಲ್ಲ. ಪುಸ್ತಕವನ್ನು ಓದಿದ ಯಾವ ವಿದ್ಯಾರ್ಥಿಯೂ ಅವನ್ನು ಗುರುತಿಸಬಲ್ಲನು. ಅಪೂರ್ವತೆಯು ನಡೆಯಲ್ಲಿರದೆ ನಡೆದವನಲ್ಲಿದ್ದಿತು. ಕಾಯಿಗಳಿಗೆ ಸುಗಮವಾದ ಹಾದಿ ಬಿಡಿಸಿ, ಎದುರಾಳಿಯ ದುರ್ಬಲವಾದ ಒಂದೆಡೆಯನ್ನು ಗುರುತಿಸಿ, ಕಡೆಯವರೆಗೂ ಅದರ ಮೇಲೆ ಒತ್ತಡವನ್ನು ಬಿಡದಿರುವುದು ಫಿಶರನ ಸ್ವಭಾವ. ಆ ಸ್ವಭಾವವೆಂಬ ಮೂಲವು ಇಲ್ಲಿಯೂ ಅದೇ. ಅದು ಹೊಕ್ಕ ದೇಹ ಮಾತ್ರ ಪರಕೀಯ. ಶಂಕರಾಚಾರ್ಯರು ಅಮರುಕರಾಜನ ದೇಹವನ್ನು ಹೊಕ್ಕರೆಂಬ ಕಥೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುವುದು. ಇದನ್ನೇ ಪರಪುರಪ್ರವೇಶಕ್ಕೆ ಉದಾಹರಣೆಯೆಂದು ಇಟ್ಟುಕೊಂಡಿದ್ದೇನೆ. ರಾಜಶೇಖರನು ಈ ರೀತಿಯನ್ನು ಮೂಲವು ಮರೆಯಾದವುಗಳ ಪಂಕ್ತಿಯಲ್ಲಿ ಎಣಿಸಿರುವುದೂ ಇಲ್ಲಿ ಸಾರ್ಥಕವಾಗಿದೆ.

೪

ನಮ್ಮ ದೇಶದ ವಿಶ್ವನಾಥನ್ ಆನಂದರ ಜೀವಿತದಲ್ಲಿ ಈ ವಿಚಾರದ ಎರಡು ಮುಖಗಳೂ ಕಾಣಬರುತ್ತವೆ. ೧೯೯೫ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಕಾಸ್ಪರೋವರೊಡನೆ ಆಡಿದರು. ಮೊದಲ ಎಂಟು ಆಟಗಳೂ ಸಮವಾಗಿ ಮುಗಿದು, ಒಂಬತ್ತನೆಯದರಲ್ಲಿ ಆನಂದರು ಗೆದ್ದರು. ಹತ್ತನೆಯ ಆಟದಲ್ಲಿ, ಆನಂದರು ಆರನೆಯ ಆಟದಲ್ಲಿಯೂ ಆಡಿದ್ದ ಆರಂಭದಲ್ಲಿಯೇ, ಕಾಸ್ಪರೋವರು ಆನೆಯನ್ನೇ ಬಲಿಕೊಡುವ ಸಿದ್ಧ ಪ್ರಯೋಗವನ್ನು ತಂದು ಗೆದ್ದರು. ಹನ್ನೊಂದನೆಯದರಲ್ಲಿ ಅವರಿಂದ ಯಾರೂ ನಿರೀಕ್ಷಿಸದಿದ್ದ ಸಿಸಿಲಿಯನ್ ಡ್ರ್ಯಾಗನ್ ಆರಂಭವು ಎದುರಾಯಿತು. ಅದರಲ್ಲಿಯೂ ಕಾಸ್ಪರೋವರಿಗೇ ಜಯ. ಪಂದ್ಯವು ೧೦½–೭½ ಅಂಕಗಳಿಂದ ಅವರಿಗೆ ಸಂದಿತು.

ಹದಿಮೂರು ವರ್ಷಗಳ ಮೇಲೆ, ೨೦೦೮ರ ಅಕ್ಟೋಬರಿನಲ್ಲಿ, ಜರ್ಮನಿಯ ಬಾನ್ ನಗರದಲ್ಲಿ ಆನಂದರು ಕ್ರಾಮ್ನಿಕರನ್ನು ಎದುರಿಸಿದರು. ಆವರೆಗೆ ಹೆಚ್ಚಾಗಿ ರಾಜನ ಕಾಲಾಳಿನಿಂದ ಆಟವನ್ನು ತೊಡಗುತ್ತಿದ್ದವರು ಈಗ ಮಂತ್ರಿಯ ಕಾಲಾಳಿನಿಂದ ತೊಡಗಿದರು. ಕರಿಯ ಕಾಯಿಗಳು ಬಂದಾಗ ಮೂರನೆಯ ಆಟದಲ್ಲಿ ಸೆಮಿ-ಸ್ಲಾವ್ ಆರಂಭದ ಮೆರಾನ್ ಎಂಬ ಶಾಖೆಯಲ್ಲಿ ತೀಕ್ಷ್ಣವಾದ ದಾರಿಯೊಂದನ್ನು ಹಿಡಿದು ಗೆದ್ದರು. ಐದನೆಯ ಆಟದಲ್ಲಿ ಅದೇ ಶಾಖೆಯನ್ನೇ ಮತ್ತೆ ಆಡಿ ಮತ್ತೆ ಗೆದ್ದರು. ಪಂದ್ಯವು ೬½–೪½ ಅಂಕಗಳಿಂದ ಅವರದಾಯಿತು.

ವಾಚಕರು ಐದನೆಯ ಆಟವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುವೆನು. ಮೂರನೆಯ ಆಟದಲ್ಲಿ ಅಚ್ಚರಿಯಿದ್ದಿತು. ಐದನೆಯದರಲ್ಲಿ ಅದು ತೀರಿಹೋಗಿದ್ದಿತು. ಕ್ರಾಮ್ನಿಕರಿಗೂ ಅವರ ಸಹಾಯಕರಿಗೂ ನಡುವೆ ದಿನಗಳು ದೊರಕಿದ್ದುವು, ಯಂತ್ರಗಳೂ ಇದ್ದುವು. ಆದರೂ ಗೆಲುವು ಬಂದುದು ಆನಂದರಿಗೆ. ಶಾಂತವಾದ, ಕಟ್ಟುನಿಟ್ಟಾದ ಆಟದಲ್ಲಿ ಸಿದ್ಧಹಸ್ತರಾದ ಕ್ರಾಮ್ನಿಕರನ್ನು, ಒಂದೊಂದು ನಡೆಗೂ ಲೆಕ್ಕ ಹಾಕಬೇಕಾದ ಗೊಂದಲದ ಭೂಮಿಗೆ ತಂದು ನಿಲ್ಲಿಸಿದ್ದೇ ಅಲ್ಲಿನ ಯುಕ್ತಿ. ಆ ಭೂಮಿಯಲ್ಲಿ ಆನಂದರು ಸ್ವಸ್ಥರು, ಎದುರಾಳಿಯು ಅಸ್ವಸ್ಥ. ಭೂಮಿಯು ತಿಳಿದ ಮಾತ್ರಕ್ಕೆ ಅಸ್ವಸ್ಥತೆಯು ಹೋಗುವುದಿಲ್ಲವಷ್ಟೆ.

ಇದೇ ಕ್ರಾಮ್ನಿಕರು ೨೦೦೦ದಲ್ಲಿ ಲಂಡನ್ನಿನಲ್ಲಿ ಕಾಸ್ಪರೋವರನ್ನು ಜಯಿಸಿದ್ದು ಇದರ ಮತ್ತೊಂದು ಪಾರ್ಶ್ವವನ್ನು ತೋರಿಸುತ್ತದೆ. ಅಲ್ಲಿ ಅವರು ರುಯ್ ಲೋಪೆಸ್ ಆರಂಭಕ್ಕೆ ಎದುರಾಗಿ, ಹತ್ತೊಂಬತ್ತನೆಯ ಶತಮಾನದಿಂದಲೂ ಬಳಕೆಯಲ್ಲಿದ್ದು ಸವೆದುಹೋಯಿತೆಂದು ಬಹುಮಂದಿ ಬದಿಗಿಟ್ಟಿದ್ದ ಬರ್ಲಿನ್ ರಕ್ಷಣೆಯನ್ನು ಹಿಡಿದರು. ಎಂಟನೆಯ ನಡೆಯಲ್ಲಿಯೇ ಇಬ್ಬರ ಮಂತ್ರಿಗಳೂ ಹೊರಬೀಳುತ್ತವೆ. ಕರಿಯ ರಾಜನಿಗೆ ಕೋಟೆ ಕಟ್ಟಿಕೊಳ್ಳುವ ಹಕ್ಕೂ ತಪ್ಪುತ್ತದೆ. ನೋಡುವವನಿಗೆ ಇದರಲ್ಲಿ ಚಮತ್ಕಾರವೇನೂ ಕಾಣದು. ಒಣ ನೆಲದಂತೆ ತೋರುತ್ತದೆ. ಆದರೆ ಮಂತ್ರಿಗಳಿಲ್ಲದ ಆ ಭೂಮಿಯಲ್ಲಿ ಕಾಸ್ಪರೋವರ ಆಕ್ರಮಣಶಕ್ತಿಗೆ ಆಧಾರವೇ ಸಿಕ್ಕದೆ ಹೋಯಿತು. ಆಡಿದ ಹದಿನೈದು ಆಟಗಳಲ್ಲಿ ಎರಡನ್ನು ಕ್ರಾಮ್ನಿಕರು ಗೆದ್ದರು, ಹದಿಮೂರು ಸಮವಾದುವು. ಕಾಸ್ಪರೋವರಿಗೆ ಒಂದೂ ದಕ್ಕಲಿಲ್ಲ. ಹಳೆಯ ವಸ್ತುವನ್ನು ಸಮಯವರಿತು ತಂದವನಿಗೆ ಅದು ಹೊಸದಾಗಿಯೇ ಫಲಿಸಿತು. ಎಂಟು ವರ್ಷಗಳ ತರುವಾಯ ಬಾನ್ ನಗರದಲ್ಲಿ ಅದೇ ನ್ಯಾಯವು ಅವರ ಮೇಲೆಯೇ ತಿರುಗಿತು.

೫

ಅಯೋನಿ ಎಂಬ ವರ್ಗಕ್ಕೆ ಉದಾಹರಣೆ ಹೇಳುವುದು ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಕಲ್ಕತ್ತೆಯಲ್ಲಿದ್ದ ಜಾನ್ ಕಾಕ್ರನನೆಂಬ ಪ್ರಬಲ ಆಟಗಾರನೊಡನೆ ಮಹೇಶಚಂದ್ರ ಬ್ಯಾನರ್ಜಿ ಎಂಬ ವಂಗೀಯನು ನೂರಾರು ಆಟಗಳನ್ನಾಡಿದನು. ನಮ್ಮ ದೇಶದ ಹಳೆಯ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತಿದ್ದಿತು. ಆ ಅಭ್ಯಾಸವಿದ್ದ ಮಹೇಶಚಂದ್ರನು ಪಾಶ್ಚಾತ್ಯ ನಿಯಮಗಳಲ್ಲಿ ಆಡುವಾಗಲೂ ಕಾಲಾಳುಗಳನ್ನು ಅವಸರದಿಂದ ನಡುವಣ ಮನೆಗಳಿಗೆ ನುಗ್ಗಿಸದೆ, ಒಂಟೆಯನ್ನು ಮೂಲೆಯ ಮಗ್ಗುಲಲ್ಲಿ ನಿಲ್ಲಿಸಿ, ದೂರದಿಂದಲೇ ನಡುಭಾಗದ ಮೇಲೆ ಕಣ್ಣಿಡುತ್ತಿದ್ದನು. ಪಾಶ್ಚಾತ್ಯರಿಗೆ ಆಗ ಅದು ವಿಚಿತ್ರವಾಗಿ ಕಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಅದೇ ರೀತಿಯ ವ್ಯೂಹಗಳು ಇಂಡಿಯನ್ ಡಿಫೆನ್ಸ್ ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಹರಡಿದುವು. ಮಹೇಶಚಂದ್ರನು ಯಾರನ್ನೂ ಬೆರಗುಗೊಳಿಸಲು ಹೊರಟವನಲ್ಲ. ತನ್ನ ಮನೆಯ ನಡೆಯನ್ನೇ ನಡೆದನು. ಅದು ಪರರಿಗೆ ಅಪೂರ್ವವಾಯಿತು.

ಪಂಜಾಬಿನ ಸುಲ್ತಾನ್ ಖಾನನ ಚರಿತ್ರೆಯು ಇನ್ನೂ ಆಶ್ಚರ್ಯಕರವಾದುದು. ಸರ್ ಉಮರ್ ಹಯಾತ್ ಖಾನರ ಪರಿವಾರದಲ್ಲಿದ್ದ ಈತನು ದೇಶೀಯ ಚದುರಂಗದಲ್ಲಿ ಪಳಗಿ, ೧೯೨೯ರಲ್ಲಿ ಲಂಡನ್ನಿಗೆ ಹೋಗಿ, ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದನು. ೧೯೩೨ರಲ್ಲಿಯೂ ೧೯೩೩ರಲ್ಲಿಯೂ ಅದನ್ನು ಮತ್ತೆ ಪಡೆದನು. ಆರಂಭಗಳ ಗ್ರಂಥಜ್ಞಾನವು ಅವನಿಗೆ ತೀರ ಕಡಮೆ. ಆದುದರಿಂದ ಮೊದಲ ನಡೆಗಳಲ್ಲಿ ಅನೇಕ ವೇಳೆ ಹಿಂದೆ ಬೀಳುತ್ತಿದ್ದನು. ಆದರೂ ೧೯೩೦–೩೧ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದನು. ೧೯೬೬ರಲ್ಲಿ ಆತನು ಗತಿಸಿದ ಬಹುಕಾಲದ ಮೇಲೆ, ೨೦೨೪ರಲ್ಲಿ, ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಅವನಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿಯನ್ನು ಸಲ್ಲಿಸಿತು. ಗ್ರಂಥಜ್ಞಾನವು ಬೇಡವೆಂದು ಇದರಿಂದ ಸಾಧಿಸಲಾಗದು. ಅದಿದ್ದಿದ್ದರೆ ಅವನ ಶ್ರಮವು ಎಷ್ಟೋ ಉಳಿಯುತ್ತಿದ್ದಿತು. ಮಧ್ಯದ ಆಟವನ್ನೂ ಕಡೆಯ ಆಟವನ್ನೂ ಬಲ್ಲವನಿಗೆ ಆರಂಭದ ಕೊರತೆಯು ಪ್ರಾಣಾಂತಿಕವಲ್ಲವೆಂಬಷ್ಟು ಮಾತ್ರ ಸಿದ್ಧವಾಗುತ್ತದೆ.

೬

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕಾವ್ಯದ ನ್ಯಾಯವನ್ನು ಚದುರಂಗಕ್ಕೆ ಅನ್ವಯಿಸುವುದು ಸರಿಯೆ? ಕವಿಯ ಮುಂದೆ ಕುಳಿತವನು ಸಹೃದಯ. ಕವಿಯು ಗೆಲ್ಲಲೆಂದೇ ಅವನು ಬಯಸುತ್ತಾನೆ. ಆಟಗಾರನ ಮುಂದೆ ಕುಳಿತವನು ಪ್ರತಿಸ್ಪರ್ಧಿ. ಎದುರಿಗಿರುವವನು ಎಡವಲೆಂಬುದೇ ಅವನ ಬಯಕೆ. ಒಳ್ಳೆಯ ಪದ್ಯವನ್ನು ನೂರು ಸಲ ಓದಿದರೂ ಅದರ ಚಮತ್ಕಾರವು ಮಾಸುವುದಿಲ್ಲ. ಚದುರಂಗದ ಗುಪ್ತವಾದ ನಡೆಯು ಒಮ್ಮೆ ಪ್ರಕಟವಾದರೆ ಮರುದಿನವೇ ಸರ್ವಜನದ ಸೊತ್ತಾಗುವುದು.

ಈ ಆಕ್ಷೇಪದಲ್ಲಿ ಸತ್ಯವುಂಟು, ಪೂರ್ಣ ಸತ್ಯವಿಲ್ಲ. ಆಟದಲ್ಲಿ ಇಬ್ಬರಲ್ಲದೆ ಮೂರನೆಯವನೊಬ್ಬನುಂಟು. ಬರೆದಿಟ್ಟ ಆಟವನ್ನು ಮನೆಯಲ್ಲಿ ಕುಳಿತು ಹಾಸಿನ ಮೇಲೆ ನಡೆ ನಡೆಯಾಗಿ ಆಡಿ ನೋಡುವ ರಸಿಕನೇ ಅವನು. ಫಿಶರನ ಆರನೆಯ ಆಟವನ್ನು ಇಂದು ಆಡಿ ನೋಡುವವನಿಗೆ ಅದರ ಫಲಿತಾಂಶವು ಮೊದಲೇ ಗೊತ್ತು. ಒಂದೊಂದು ನಡೆಯೂ ಗೊತ್ತು. ಆದರೂ ಆನಂದವುಂಟಾಗುತ್ತದೆ. ಎದುರಾಳಿಗೆ ಉಂಟಾದ ಆಶ್ಚರ್ಯವು ಒಂದು ದಿನದ್ದು. ಈ ರಸಿಕನಿಗೆ ಉಂಟಾಗುವ ಚಮತ್ಕಾರವು ಸ್ಥಿರವಾದುದು. ಅಂದು ಕರತಾಡನ ಮಾಡಿದ ಸ್ಪಾಸ್ಕಿಯು ಆ ಕ್ಷಣದಲ್ಲಿ ಪ್ರತಿಸ್ಪರ್ಧಿಯ ಸ್ಥಾನದಿಂದ ಎದ್ದು ಸಹೃದಯನ ಸ್ಥಾನದಲ್ಲಿ ಕುಳಿತನೆಂದು ನಾನು ಭಾವಿಸುತ್ತೇನೆ. ಮೋಸದ ಬಲೆಯಲ್ಲಿ ಬಿದ್ದವನು ಹಾಗೆ ಚಪ್ಪಾಳೆ ತಟ್ಟುವುದಿಲ್ಲ.

೭

ಇನ್ನು ನಮ್ಮ ಮನೆಗಳ ಹುಡುಗರ ಮಾತಿಗೆ ಬರೋಣ. ಮಂತ್ರಿಯನ್ನೂ ಒಂಟೆಯನ್ನೂ ಅವಸರದಿಂದ ಹೊರತಂದು, ನಾಲ್ಕು ನಡೆಗಳಲ್ಲಿ ರಾಜನನ್ನು ಕಟ್ಟಿಹಾಕುವ ಬಾಲಿಶವಾದ ಉಪಾಯವೊಂದುಂಟು. ಅದನ್ನು ಕಲಿತ ಹುಡುಗನು ತಿಳಿಯದವರನ್ನು ಹತ್ತು ಸಲ ಸೋಲಿಸುವನು. ತಿಳಿದವನು ಎದುರಾದ ದಿನ ಅವನ ಮಂತ್ರಿಯು ನಡುಬಯಲಿನಲ್ಲಿ ಒಂಟಿಯಾಗಿ ಓಡಾಡಬೇಕಾಗುವುದು. ದೊಡ್ಡವರು ಇಪ್ಪತ್ತು ನಡೆಗಳ ಶಾಖೆಯನ್ನು ಬಾಯಿಪಾಠ ಮಾಡಿ ತರುವುದಕ್ಕೂ ಇದಕ್ಕೂ ಉದ್ದದಲ್ಲಿ ಭೇದವಿದೆಯೇ ಹೊರತು ಜಾತಿಯಲ್ಲಿ ಭೇದವಿಲ್ಲ. ಎದುರಾಳಿಯು ಪುಸ್ತಕದಲ್ಲಿಲ್ಲದ ನಡೆಯನ್ನು ನಡೆದೊಡನೆ ಪ್ರತಿಬಿಂಬವು ಒಡೆದುಹೋಗುತ್ತದೆ. ಬೆರಗುಗೊಳಿಸಲು ಬಂದವನೇ ಬೆರಗಾಗಿ ಕುಳಿತುಕೊಳ್ಳುವನು.

ಬಾಯಿಪಾಠವನ್ನು ನಿಂದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಾವಳಿಯನ್ನೂ ಉರುಹೊಡೆದು ಬೆಳೆದವರ ಬಾಯಲ್ಲಿ ಆ ನಿಂದೆಯು ಒಪ್ಪುವುದೂ ಇಲ್ಲ. ಆನಂದರ ಮೆರಾನ್ ಶಾಖೆಯ ಹಿಂದೆಯೂ ಕ್ರಾಮ್ನಿಕರ ಬರ್ಲಿನ್ ರಕ್ಷಣೆಯ ಹಿಂದೆಯೂ ತಿಂಗಳುಗಟ್ಟಲೆಯ ಅಭ್ಯಾಸವಿದ್ದಿತು. ಕಣಜದಲ್ಲಿ ಧಾನ್ಯವಿಲ್ಲದೆ ಅಡಿಗೆಯಾಗುವುದಿಲ್ಲ. ಆದರೆ ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿ ಒಪ್ಪಿಸಿದ ಹುಡುಗನು ಎಂದೂ ಕೇಳದ ಅಕಾರಾಂತ ಶಬ್ದವೊಂದನ್ನು ಕೊಟ್ಟರೆ ಅದನ್ನೂ ನಡೆಸಬಲ್ಲನೆ ಎಂದು ಉಪಾಧ್ಯಾಯನು ಪರೀಕ್ಷಿಸುತ್ತಾನಷ್ಟೆ. ಕಂಠಸ್ಥವಾದದ್ದು ಹೃದ್ಗತವಾಯಿತೆ ಎಂಬುದಕ್ಕೆ ಅದೇ ಒರೆಗಲ್ಲು. ಆರಂಭವನ್ನು ಕಲಿತವನಿಗೂ ಅದೇ ಪರೀಕ್ಷೆ: ಈ ಕಾಲಾಳು ಇಲ್ಲಿಗೇಕೆ ಬಂದಿತು, ಈ ಒಂಟೆಯು ಯಾವ ಮನೆಯನ್ನು ಕಾಯುತ್ತಿದೆ, ಇದು ಸ್ಥಾನ ಬಿಟ್ಟರೆ ಯಾವುದು ಬಯಲಾಗುತ್ತದೆ ಎಂದು ಕೇಳಿದರೆ ಉತ್ತರ ಹೇಳಬಲ್ಲನೆ?

ಒಂದು ಚಿಕ್ಕ ನಿದರ್ಶನವನ್ನು ಕೊಡುವೆನು. ಲಂಡನ್ ಸಿಸ್ಟಮ್ ಎಂಬುದು ಈಚೆಗೆ ಬಹುಮಂದಿ ಆಡುವ ವ್ಯೂಹ. ಬಿಳಿಯ ಪಕ್ಷದವನು ಮಂತ್ರಿಯ ಕಾಲಾಳನ್ನು ಎರಡು ಮನೆ ನಡೆಸಿ, ಆ ಪಕ್ಕದ ಒಂಟೆಯನ್ನು ಕಾಲಾಳುಗಳ ಸಾಲಿನಿಂದ ಹೊರಗೆ ತಂದು, ಅನಂತರ ಸಣ್ಣ ಸಣ್ಣ ಕಾಲಾಳು ನಡೆಗಳಿಂದ ಗೋಡೆ ಕಟ್ಟಿಕೊಳ್ಳುತ್ತಾನೆ. ಎದುರಾಳಿ ಏನನ್ನು ಆಡಿದರೂ ತಾನು ಇದನ್ನೇ ಆಡಬಹುದೆಂಬುದು ಇದರ ಆಕರ್ಷಣೆ. ಇಂಥವನನ್ನು ತಬ್ಬಿಬ್ಬುಗೊಳಿಸಲು ಕಾಣದ ನಡೆಯನ್ನು ಹುಡುಕಿಕೊಂಡು ಯಂತ್ರದ ಮೊರೆಹೋಗಬೇಕಾಗಿಲ್ಲ. ಒಂಟೆಯು ತನ್ನ ಮನೆಯನ್ನು ಬಿಟ್ಟು ಹೋದುದರಿಂದ, ಆ ಪಕ್ಕದ ಕುದುರೆಯ ಮುಂದಣ ಕಾಲಾಳಿಗೆ ಇದ್ದ ಕಾವಲು ತಪ್ಪಿತು. ಕರಿಯ ಪಕ್ಷದವನು ತನ್ನ ಮಂತ್ರಿಯ ಪಕ್ಕದ ಒಂಟೆಯ ಕಾಲಾಳನ್ನು ಬೇಗನೆ ಎರಡು ಮನೆ ಮುಂದುವರಿಸಿ, ತೆರೆದ ದಾರಿಯಲ್ಲಿ ಮಂತ್ರಿಯನ್ನು ಹೊರತಂದು ಕಾವಲಿಲ್ಲದ ಆ ಕಾಲಾಳನ್ನು ದೃಷ್ಟಿಸಿದರೆ ಸಾಕು. ಯೋಚಿಸದೆ ನಡೆಯುತ್ತಿದ್ದವನು ನಿಂತು ಯೋಚಿಸಬೇಕಾಗುತ್ತದೆ. ಈ ಉತ್ತರವು ಎಲ್ಲ ಪುಸ್ತಕಗಳಲ್ಲಿಯೂ ಉಂಟು. ವ್ಯೂಹವನ್ನು ತಿಳಿದು ಆಡುವವನಿಗೆ ಇದಕ್ಕೆ ಪರಿಹ್ಯಾರವೂ ಗೊತ್ತು. ರೂಢಿಯಿಂದ ಆಡುವವನಿಗೆ ಮಾತ್ರ ಇದು ಅಪೂರ್ವ. ಅವನ ಅಜಾಗರೂಕತೆಯಲ್ಲಿಯೇ ನಮ್ಮ ಅಪೂರ್ವತೆಯು ಅಡಗಿದೆ.

ಆರಂಭಗಳ ಬಾಯಿಪಾಠದಿಂದ ಬೇಸತ್ತು ಫಿಶರನೇ ೧೯೯೬ರಲ್ಲಿ ಹೊಸ ನಿಯಮವೊಂದನ್ನು ಸಾರಿದನು. ಹಿಂದಣ ಸಾಲಿನ ಕಾಯಿಗಳನ್ನು ೯೬೦ ವಿನ್ಯಾಸಗಳಲ್ಲಿ ಯಾವುದಾದರೊಂದರಂತೆ ಚೀಟಿಯೆತ್ತಿ ಇಡುವುದು. ಆಗ ಪುಸ್ತಕವು ನಿರುಪಯೋಗವಾಗುವುದು. ರೋಗದ ನಿದಾನವು ಸರಿಯಾದುದೇ. ಔಷಧದ ವಿಷಯದಲ್ಲಿ ನನಗೆ ಪೂರ್ಣ ಸಮ್ಮತಿಯಿಲ್ಲ. ನಿಂದೆಯು ಸಲ್ಲತಕ್ಕದ್ದು ಓದುವವನ ಮಾಂದ್ಯಕ್ಕೆ. ಅದಕ್ಕಾಗಿ ಗ್ರಂಥಾಲಯಕ್ಕೆ ಬೀಗ ಹಾಕುವುದು ವಿವೇಕವಲ್ಲ. ೨೦೨೪ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶರು ಡಿಂಗ್ ಲಿರೆನ್‌ರನ್ನು ೭½–೬½ ಅಂಕಗಳಿಂದ ಗೆದ್ದು ಜಗಚ್ಚಾಂಪಿಯನ್ನರಾದುದನ್ನು ನೋಡಿರಿ. ಮೊದಲನೆಯ ಆಟದಲ್ಲಿ ಫ್ರೆಂಚ್ ರಕ್ಷಣೆಯನ್ನು ಹಿಡಿದ ಡಿಂಗರಿಗೆ ಜಯ ದೊರೆಯಿತು. ಪದವಿಯನ್ನು ನಿರ್ಣಯಿಸಿದ ಹದಿನಾಲ್ಕನೆಯ ಆಟವು ಆರಂಭದಲ್ಲಿ ತೀರ್ಮಾನವಾಗಲಿಲ್ಲ. ೫೫ನೆಯ ನಡೆಯಲ್ಲಿ, ಕೆಲವೇ ಕಾಯಿಗಳುಳಿದಿದ್ದಾಗ, ದಣಿದ ಎದುರಾಳಿಯ ಆನೆಯು ತಪ್ಪು ಮನೆಗೆ ಹೋಯಿತು. ಅಲ್ಲಿಯವರೆಗೆ ಎಚ್ಚರವಾಗಿದ್ದ ತರುಣನು ಅದನ್ನು ಕಂಡನು.

ಆದುದರಿಂದ ಪೂರ್ವಪಕ್ಷದಲ್ಲಿ ಗ್ರಾಹ್ಯವಾದದ್ದಿಷ್ಟು: ರೂಢಿಯಲ್ಲಿ ಮಲಗಿರುವ ಎದುರಾಳಿಯನ್ನು ಎಬ್ಬಿಸುವುದು ಯುದ್ಧನೀತಿ, ಅದಕ್ಕೆ ಅಭ್ಯಾಸವೂ ಗ್ರಂಥವೂ ಬೇಕು. ತ್ಯಾಜ್ಯವಾದದ್ದು, ಕಾಣದ ನಡೆಯಲ್ಲಿಯೇ ಜಯವಿದೆಯೆಂಬ ಭ್ರಮೆ. ಆರಂಭವೊಂದನ್ನು ಆರಿಸಿಕೊಳ್ಳುವ ಹುಡುಗನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದೇ: ಎದುರಾಳಿಯು ಇದಕ್ಕೆ ಸರಿಯಾದ ಉತ್ತರವನ್ನು ನಡೆದ ಮೇಲೆಯೂ ನನಗೆ ಈ ಸ್ಥಿತಿಯಲ್ಲಿ ಆಡಲು ಸಂತೋಷವಿದೆಯೆ? ಇದೆಯೆಂದರೆ ಆ ಆರಂಭವು ಅವನದು; ಇಲ್ಲವೆಂದರೆ ಇನ್ನೊಬ್ಬರಿಂದ ಎರವಲು ತಂದದ್ದು. ಹೊಸ ಉಪಮೆಯೊಂದನ್ನು ಹುಡುಕಿಕೊಂಡು ಹೊರಟ ತರುಣ ಕವಿಗಳೂ ತಮ್ಮ ಪದ್ಯವನ್ನು ಎರಡನೆಯ ಸಲ ಓದುವಾಗ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದೆಂದು ಸೂಚಿಸಿ ಈ ಲೇಖನವನ್ನು ಮುಗಿಸುವೆನು.